ಆರು ಹೊಡೆಯುವ ತನಕ ನಿನ್ನೆ

ಒಮ್ಮೆ ಬರೆದ ಕೋಡನ್ನು ಹತ್ತು ಕಡೆ ದುಡಿಸಿಕೊಂಡರೆ ಕಂಪನಿಗೆ ಎಷ್ಟು ಲಾಭ ಎಂದು ಯಾರಾದರೂ ಭಾಷಣಕ್ಕೆ ನಿಂತರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅವರು ಹೇಳುವುದರಲ್ಲಿ ಸುಳ್ಳೇನೂ ಇರುವುದಿಲ್ಲ, ಅದಕ್ಕೇ ಇನ್ನಷ್ಟು ಉರಿ. ನಾನು ಕೆಲಸ ಮಾಡುತ್ತಿದ್ದ ಹುಬ್ಬಳ್ಳಿಯ ಸಾಫ್ಟ್‌ವೇರ್ ಕಂಪನಿಯ ಮಾಲೀಕರು ಈ ಭಾಷಣದಲ್ಲಿ ಪಳಗಿದ ಮನುಷ್ಯ. ಗಿರಾಕಿಗಳನ್ನು ಹೋಟೆಲಿನ ಹಾಲಿನಲ್ಲಿ ಕೂರಿಸಿ, ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು, ಕೈ ತಿಕ್ಕಿಕೊಳ್ಳುತ್ತ ಶುರು ಮಾಡುತ್ತಿದ್ದರು.

“ನೋಡ್ರಿ, ಹೊಸಾದು ಬರಸಾಕ ಆರು ತಿಂಗಳ ಬೇಕು. ಬರದಿಟ್ಟಿದ್ದನ್ನ ತಂದು ಕೂಡಸಾಕ ಆರು ದಿನ. ಒಂದ ಕಡೆ ತಪ್ಪು ಸಿಕ್ತಂದ್ರ ಎಲ್ಲಾ ಕಡೆ ಒಂದ ಸಲಕ್ಕ ರಿಪೇರಿ. ಹೊಸಬರು ಕೆಲಸಕ್ಕ ಬಂದ್ರ ಒಂದ ಕಲಿಸಿದ್ರ ಸಾಕು. ಮತ್ತ ನಿಮ್ಮ ಮ್ಯಾಲ ನಾವು ಪ್ರಯೋಗ ಮಾಡೂದಿಲ್ರಿ. ಬ್ಯಾರೆ ಕಡೆ ನಡದು ಗಟ್ಟಿ ಆಗಿದ್ದನ್ನ ತರ್ತೇವಿ.”

ಆಮೇಲೆ ನನ್ನ ಕಡೆ ಕೈ ತೋರಿಸುತ್ತಿದ್ದರು. ದಾಂಡೇಲಿಯ ಈ ಬಾಯಾರು ಬರೆದ ಹಾಜರಿಯ ಮಾಡ್ಯೂಲ್ ಇವತ್ತು ಹನ್ನೊಂದು ಕಡೆ ನಡೆಯುತ್ತಿದೆ ಎಂದು ಹೇಳಿ ಚಪ್ಪಾಳೆ ಹೊಡೆಸುತ್ತಿದ್ದರು. ನಮ್ಮ ಕಡೆ ಓದಿದ ಹೆಂಗಸರಿಗೆ ಬಾಯಾರು ಅನ್ನುತ್ತಾರೆ. ಮಾಡ್ಯೂಲ್ ಎಂದರೆ ದೊಡ್ಡ ಸಾಫ್ಟ್‌ವೇರಿನೊಳಗೆ ಒಂದು ಕೆಲಸವನ್ನಷ್ಟೇ ನೋಡಿಕೊಳ್ಳುವ ತುಂಡು. ಯಾರು ಯಾವಾಗ ಬಂದರು, ಯಾವಾಗ ಹೋದರು, ಅಷ್ಟೇ ಅದರ ಕೆಲಸ. ನಾನು ಎದ್ದು ನಿಂತು ಕೈ ಮುಗಿಯುತ್ತಿದ್ದೆ. ಒಳಗೊಳಗೇ ಹಿಗ್ಗುತ್ತಲೂ ಇದ್ದೆ, ಸುಳ್ಳು ಯಾಕೆ ಹೇಳಲಿ.

ಅದನ್ನು ಮೊದಲು ಬರೆದದ್ದು ದಾಂಡೇಲಿಯಲ್ಲೇ, ಕಾಗದದ ಮಿಲ್ಲಿಗೆ ಬರುವ ಕಟ್ಟಿಗೆ ಇಳಿಸುವ ಒಬ್ಬ ಗುತ್ತಿಗೆದಾರನಿಗಾಗಿ. ನಾನು ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ಧಾರವಾಡದ ಕಡೆಯಿಂದ ಬಂದು ಆಯುಷ್ಯವೆಲ್ಲ ಪಾಳಿಯಲ್ಲಿ ದುಡಿದವನು. ನಮ್ಮ ಸಾಲುಮನೆಗಳಲ್ಲಿ ಹೊತ್ತು ಹುಟ್ಟಿಸುತ್ತಿದ್ದದ್ದು ಬೆಳಗಿನ ಆರಕ್ಕೆ ಕೂಗುವ ಮಿಲ್ಲಿನ ಭೋಂಗಾ. ಭೋಂಗಾ ಆಗುವ ತನಕ ನಿನ್ನೆ, ಆದ ಮೇಲೆ ಇವತ್ತು. ನಾನು ಹುಟ್ಟಿದ್ದು ಒಂದು ಸೋಮವಾರ ನಸುಕಿನ ನಾಲ್ಕಕ್ಕೆ. ಅಪ್ಪ ಶಾಲೆಯಲ್ಲಿ ಬರೆಸಿದ್ದು ಭಾನುವಾರದ ತಾರೀಖು. ಮಾಸ್ತರು ಕೇಳಿದ್ದಕ್ಕೆ “ಇನ್ನೂ ಭೋಂಗಾ ಆಗಿದ್ದಿಲ್ಲರೀ” ಎಂದನಂತೆ. ಅವ್ವ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ನಮ್ಮ ಓಣಿಯವರು ಮಾತ್ರ ಇದರಲ್ಲಿ ನಗುವಂಥದ್ದೇನಿದೆ ಎಂದು ಅವಳ ಮುಖ ನೋಡುತ್ತಿದ್ದರು.

ಹೀಗಾಗಿ ಗುತ್ತಿಗೆದಾರನ ಹಾಜರಿ ಬರೆಯುವಾಗ ನಾನು ಯಾರನ್ನೂ ಕೇಳಲಿಲ್ಲ. ಬೆಳಗಿನ ಆರರೊಳಗೆ ಒತ್ತಿದ ಹೆಬ್ಬೆಟ್ಟು ನಿನ್ನೆಯದು ಎಂದು ಬರೆದೆ. ಅಲ್ಲಿ ಅದು ಸರಿಯೇ ಇತ್ತು. ರಾತ್ರಿ ಪಾಳಿಯವರು ಭೋಂಗಾ ಆಗುವ ಮೊದಲೇ ಒತ್ತಿ ಹೊರಬೀಳುತ್ತಿದ್ದರು, ಬೆಳಗಿನವರಿಗೆ ಭೋಂಗಾ ಆದ ಮೇಲೆಯೇ ಗೇಟು ತೆರೆಯುತ್ತಿತ್ತು. ದಿನದ ಮೊದಲ ಹೆಬ್ಬೆಟ್ಟು ಬಂದದ್ದಕ್ಕೆ, ಕೊನೆಯದು ಹೋದದ್ದಕ್ಕೆ. ಎರಡರ ನಡುವೆ ಹನ್ನೆರಡು ತಾಸಿಗಿಂತ ಹೆಚ್ಚು ಅಂತರ ಬಿದ್ದರೆ ಏನೋ ಮೋಸವಿದೆ, ಆ ದಿನ ಗೈರು. ಈ ಕೊನೆಯದನ್ನು ಗುತ್ತಿಗೆದಾರನೇ ಕೇಳಿ ಹಾಕಿಸಿಕೊಂಡಿದ್ದ. ವರ್ಷವಿಡೀ ಒಂದು ತಕರಾರೂ ಬರಲಿಲ್ಲ. ಆರು ಎಂಬ ಅಂಕಿಯನ್ನು ಕೋಡಿನ ಹೊಟ್ಟೆಯೊಳಗಿಟ್ಟು ಹೊಲಿದುಬಿಟ್ಟೆ, ಬೇರೆಯವರು ಬದಲಿಸಲು ಬಾರದ ಹಾಗೆ.

ಆಮೇಲೆ ಮಾಲೀಕರು ಅದನ್ನು ಹೊತ್ತುಕೊಂಡು ಊರೂರು ತಿರುಗಿದರು. ಜೋಯಿಡಾದ ಕಾಡಿನಲ್ಲಿ ಪ್ರವಾಸಿಗರಿಗೆ ಕಟ್ಟಿದ ವಸತಿ, ಮಳಗಿಯ ಹತ್ತಿರದ ಒಂದು ಗೋದಾಮು, ಹೀಗೆ ಒಂದೊಂದೇ ಸೇರಿಕೊಂಡವು. ಎಲ್ಲಕ್ಕಿಂತ ದೊಡ್ಡದು ಒಂದು ಟ್ರಸ್ಟಿನ ಕೆಲಸ. ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಅವರ ಹಾಸ್ಟೆಲುಗಳಿದ್ದವು. ಮಕ್ಕಳ ದಾಖಲೆ, ಉಗ್ರಾಣ, ಅಡಿಗೆ, ಸಿಬ್ಬಂದಿ, ಎಲ್ಲ ಒಂದೇ ಸಾಫ್ಟ್‌ವೇರಿನಲ್ಲಿ ಬೇಕು, ಅದೂ ಬೇಸಿಗೆ ರಜೆ ಮುಗಿಯುವುದರೊಳಗೆ.

“ಒಂದ್ಸಲ ಹೋಗಿ ನೋಡಿ ಬರಲೇನ್ರಿ ಸರ್?” ಎಂದು ಕೇಳಿದ್ದೆ.

“ಏನ್ ನೋಡ್ತಿ ಹೋಗಿ? ಮನಷ್ಯಾರು ಬರ್ತಾರ, ಮನಷ್ಯಾರು ಹೋಗ್ತಾರ. ಹಾಜರಿ ಅಂದ್ರ ಎಲ್ಲಾ ಕಡೆ ಹಾಜರೀನ. ಇದ್ದದ್ದನ್ನ ಎತ್ತಿ ಹಚ್ಚು.”

ಎತ್ತಿ ಹಚ್ಚಿದೆ. ನಾಲ್ಕೇ ದಿನ ಹಿಡಿಯಿತು. ಮಾಲೀಕರು ಖುಷಿಯಾಗಿ ಆಫೀಸಿಗೆಲ್ಲ ಪೇಢೆ ಹಂಚಿದರು, ನಾನೂ ಎರಡು ತಿಂದೆ.

ದೀಪಾವಳಿ ಕಳೆದು ಸ್ವಲ್ಪ ದಿನವಾಗಿತ್ತು. ಭಾನುವಾರ ಮಧ್ಯಾಹ್ನ ಒಬ್ಬ ಹೆಂಗಸು ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು. ಸಾಂಬ್ರಾಣಿ ಕಡೆಯ ಸಿದ್ದಿ ಬುಡಕಟ್ಟಿನ ಮನೆತನದವಳು, ಹಳಿಯಾಳ ತಾಲೂಕಿನ ಆ ಟ್ರಸ್ಟಿನ ಹಾಸ್ಟೆಲಿನಲ್ಲಿ ಅಡಿಗೆಯವಳು. ಬಸ್ಸಿನಲ್ಲಿ ದಾಂಡೇಲಿಗೆ ಬಂದು, ಹಾಜರಿ ಯಂತ್ರದ ಬಾಯಾರ ಮನೆ ಯಾವುದು ಎಂದು ಓಣಿ ಓಣಿ ಕೇಳಿಕೊಂಡು ಬಂದಿದ್ದಳು. ಚಪ್ಪಲಿ ಬಿಡಲಿಲ್ಲ, ಕೂರಲಿಲ್ಲ.

“ಆ ಹೆಬ್ಬಟ್ಟಿನ ಯಂತ್ರದ ಕೆಲಸಾ ಮಾಡಿದಾಕಿ ನೀವ ಏನ್ರಿ?”

“ಹೌದು. ಯಾಕ?”

“ಇದನ್ನ ಓದ್ರಿ. ಜೋರಾಗಿ ಓದ್ರಿ, ಮಂದಿ ಕೇಳ್ಲಿ.”

ಟ್ರಸ್ಟಿನ ಆಫೀಸಿನಿಂದ ಬಂದ ಪತ್ರ. ತಾವು ಹೇಳದೆ ಕೇಳದೆ ಪದೇಪದೇ ಗೈರಾಗಿರುವುದು ಗಣಕಯಂತ್ರದ ದಾಖಲೆಯಿಂದ ಕಂಡುಬಂದಿದೆ, ಮುಂದಿನ ತಿಂಗಳಿನಿಂದ ತಮ್ಮ ಸೇವೆ ಬೇಕಾಗಿಲ್ಲ. ಅದರ ಹಿಂದೆ ಲಗತ್ತಿಸಿದ್ದು ನಮ್ಮ ಸಾಫ್ಟ್‌ವೇರ್ ತೆಗೆದುಕೊಟ್ಟ ಪಟ್ಟಿ, ಸಾಲಿಗೆ ಸಾಲು ಗೈರು.

ಆಗ ನಾನು ಆಡಿದ ಮಾತು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. “ನಮ್ಮ ಸಾಫ್ಟ್‌ವೇರ್ ಹನ್ನೊಂದು ಕಡೆ ನಡೀತೈತಿ. ಎಲ್ಲೂ ತಪ್ಪು ಬಂದಿಲ್ಲ. ನೀವ ಹೆಬ್ಬಟ್ಟು ಸರಿಯಾಗಿ ಒತ್ತಿರಾಕಿಲ್ಲ” ಎಂದೆ.

ಆಕೆ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. “ಹದಿನಾಕ ವರ್ಷ ಆತ್ರಿ, ಒಂದಿನಾ ಒಲಿ ತಡಾ ಹಚ್ಚಿಲ್ಲ. ನಾ ಬಂದ ಇಲ್ಲ ಅಂದ್ರ ಅರವತ್ತ ಹುಡುಗೂರಿಗೆ ದಿನಾ ಉಪ್ಪಿಟ್ಟು ತಿರಿವಿದಾಕಿ ಯಾರು? ನಿಮ್ಮ ಯಂತ್ರೇನ?”

“ವಾರ್ಡನ್ ಏನಂದ್ರು?”

“ದಿನಾ ನಾ ಕೊಟ್ಟ ಚಹಾ ಕುಡೀತಾರ. ಕಾಗದಾ ಬಂದ ದಿವಸ, ಕಂಪ್ಯೂಟರ್ ಹೇಳಿದ ಮ್ಯಾಲ ನನ್ನ ಮಾತು ಯಾರ್ ಕೇಳ್ತಾರವಾ ಅಂದ್ರು. ಆಫೀಸಿಗೆ ಹ್ವಾದ್ರ ಅಲ್ಲಿ ಸಾಹೇಬ, ನೀವು ಕಾಡಿನ ಮಂದಿ, ಮನಸ್ ಬಂದ್ರ ಬರ್ತೀರಿ, ಇಲ್ಲಂದ್ರ ಇಲ್ಲ ಅಂದ.” ಆಕೆ ಪತ್ರವನ್ನು ನನ್ನ ಕೈಯಿಂದ ಕಸಿದುಕೊಂಡಳು. “ನನಗ ನನ್ನ ಒಲಿ ಬೇಕ್ರಿ. ಆ ಮಾತೂ ಹಿಂದ ತಗೋಬೇಕು ಅವ.”

ಅಪ್ಪ ಪಡಸಾಲೆಯ ಕುರ್ಚಿಯಲ್ಲಿ ಕೂತು ಎಲ್ಲ ಕೇಳುತ್ತಿದ್ದ. “ಕೆಲಸಕ್ಕ ಎಷ್ಟಕ್ಕ ಹೋಗ್ತಿ ತಂಗಿ?” ಎಂದ.

“ಐದಕ್ಕರೀ ಕಾಕಾ. ಏಳೂವರಿಗೆ ಹುಡುಗೂರು ತಾಟು ಹಿಡಕೊಂಡು ನಿಂತಿರ್ತಾವ.”

ಅಪ್ಪ ಇದರಲ್ಲಿ ಕೇಳುವುದೇನಿದೆ ಎಂಬಂತೆ ತಲೆಯಾಡಿಸಿದ. “ಹಂಗಾರ ಅದು ನಿನ್ನಿ ಆತಲ್ಲ. ಭೋಂಗಾ ಆಗಿರೂದಿಲ್ಲ.”

ಮುದುಕನಿಗೆ ಅರಳುಮರಳು ಎಂದುಕೊಂಡು ಆಕೆ ಮುಖ ತಿರುಗಿಸಿದಳು. ನನಗೆ ಮಾತ್ರ ಕೋಡಿನ ಹೊಟ್ಟೆಯೊಳಗೆ ಹೊಲಿದಿಟ್ಟ ಆರು ನೆನಪಾಯಿತು. ಒಳಗೆ ಹೋಗಿ ಲ್ಯಾಪ್‌ಟಾಪ್ ತಂದು ಅಪ್ಪನ ಪಕ್ಕದಲ್ಲೇ ನೆಲದ ಮೇಲೆ ಕೂತೆ.

ಆಕೆಯ ಹೆಬ್ಬೆಟ್ಟುಗಳು ಒಂದೂ ತಪ್ಪಿರಲಿಲ್ಲ. ದಿನಾ ಬೆಳಿಗ್ಗೆ ಐದರ ಆಸುಪಾಸು ಒಂದು, ಮಧ್ಯಾಹ್ನ ಎರಡಕ್ಕೆ ಒಂದು. ನನ್ನ ಕೋಡು ಬೆಳಗಿನದನ್ನು ಎತ್ತಿ ಹಿಂದಿನ ದಿನಕ್ಕೆ ಹಾಕಿತ್ತು. ಅದರ ಕಣ್ಣಿಗೆ ಈ ಹೆಂಗಸು ಮಧ್ಯಾಹ್ನ ಎರಡಕ್ಕೆ ಕೆಲಸಕ್ಕೆ ಬಂದು ಮರುದಿನ ನಸುಕಿನ ಐದಕ್ಕೆ ಮನೆಗೆ ಹೋಗುವವಳು. ಹದಿನೈದು ತಾಸಾಯಿತು, ಮೋಸವಿದೆ, ಗೈರು. ಉಳಿದ ಸಿಬ್ಬಂದಿಯೆಲ್ಲ ಬಿಸಿಲು ಬಿದ್ದ ಮೇಲೆ ಬರುವವರು, ಅವರಿಗೆ ಏನೂ ಆಗಿರಲಿಲ್ಲ. ಹಾಸ್ಟೆಲಿನಲ್ಲಿ ಎಲ್ಲರಿಗಿಂತ ಮೊದಲು ಏಳುವವಳನ್ನೇ ಹುಡುಕಿ ಹಿಡಿದಿತ್ತು ಆ ದರಿದ್ರ ಕೋಡು. ಇದನ್ನೆಲ್ಲ ಆಕೆಗೂ ಬಿಡಿಸಿ ಹೇಳಿದೆ. ನಡುವೆ ಒಂದು ವಾರ ಮಾತ್ರ ಸಾಲಾಗಿ ಹಾಜರು ಇತ್ತು.

“ಆ ವಾರ ಏನಾಗಿತ್ತು?” ಎಂದು ಕೇಳಿದೆ.

“ಜ್ವರಾ ಬಂದಿತ್ತು. ಏಳಾಕ ಆಗ್ಲಿಲ್ಲ. ಮಗಳು ಹೋಗಿ ಒಲಿ ಹಚ್ಚತಿದ್ಲು, ನಾ ಎಂಟಕ್ಕ ಹೊಕ್ಕಿದ್ದೆ.” ಆಕೆ ಬಗ್ಗಿ ಪರದೆ ನೋಡಿದಳು. “ಜ್ವರದಾಗ ಬಿದ್ರ ಹಾಜರಿ, ನೆಟ್ಟಗಿದ್ರ ಗೈರ. ಭಾಳ ಚಂದ ಬರದೀರಿ ಬಾಯಾರ.”

ನನಗೆ ನನ್ನ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ಸಿಟ್ಟು ಆ ಆಫೀಸಿನವರ ಮೇಲೂ ಬಂತು. ತಿಂಗಳುಗಟ್ಟಲೆ ಅಡಿಗೆಯವಳೇ ಇಲ್ಲದ ಹಾಸ್ಟೆಲಿನಲ್ಲಿ ಮಕ್ಕಳು ಊಟ ಹೇಗೆ ಮಾಡಿದವು ಎಂದು ಒಬ್ಬನಾದರೂ ಕೇಳಬೇಡವೇ? ಅದೇ ಪಟ್ಟಿ ಸಾಹೇಬನನ್ನು ಗೈರು ಎಂದಿದ್ದರೆ ಅವತ್ತೇ ಕಂಪನಿಗೆ ಫೋನು ಬಂದು ನಮ್ಮ ಜನ್ಮ ಜಾಲಾಡುತ್ತಿದ್ದರು. ಸಿದ್ದಿ ಹೆಂಗಸು ಕೆಲಸ ತಪ್ಪಿಸಿದಳು ಎಂದು ಯಂತ್ರ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅವರು ಮೊದಲೇ ನಂಬಿಕೊಂಡಿದ್ದನ್ನು ನಾನು ಅಚ್ಚು ಹಾಕಿ ಕೊಟ್ಟಿದ್ದೆ.

ಆಕೆಯ ಎದುರೇ ಮಾಲೀಕರಿಗೆ ಫೋನು ಹಚ್ಚಿ, ಅವರ ದನಿ ಆಕೆಗೂ ಕೇಳುವ ಹಾಗೆ ಇಟ್ಟೆ. ಆದದ್ದನ್ನು ಹೇಳಿ, ಈಗಿಂದೀಗ ತಿದ್ದುತ್ತೇನೆ ಎಂದೆ.

“ತಡಿ, ತಡಿ. ಮುಂದಿನ ವಾರ ದೊಡ್ಡ ಗಿರಾಕಿ ಬರಾಕತ್ಯಾರ. ಹನ್ನೊಂದು ಕಡೆ ಒಂದ ಸಮ ನಡೀತೈತಿ ಅಂತನ ಅವರು ನಮ್ಮ ಕಡೆ ಬರೂದು. ಈಗ ಒಂದ ಕಡೆ ಮುಟ್ಟಿದ್ರ ಎಲ್ಲಾ ಅಲುಗಾಡತೈತಿ.”

“ಒಬ್ಬಾಕಿ ಕೆಲಸಾ ಹೊಂಟೈತಿ ಸರ್.”

“ಆಕೀಗೆ ಆರು ಆದ ಮ್ಯಾಲ ಒತ್ತು ಅಂತ ಹೇಳು. ಮುಗೀತಲ್ಲ. ಒಂದ್ ತಾಸಿಂದೇನ್ ಮಹಾ.”

ಅಡಿಗೆಯವಳು ಫೋನಿನ ಹತ್ತಿರ ಬಾಯಿ ತಂದಳು. “ಐದಕ್ಕ ಬಂದು, ಆರಕ್ಕ ಬಂದೇನಿ ಅಂತ ಒತ್ತಲೇನ್ರಿ? ಆ ಒಂದ್ ತಾಸು ನಿಮ್ಮ ಮನಿಗೆ ಕಳಸಲೇನ?”

ಮಾಲೀಕರು ಫೋನು ಇಟ್ಟರು. ನಾನು ತಿದ್ದಿದೆ. ಅಪ್ಪ ಚಹಾ ಕಾಯಿಸಿ ತರುವಷ್ಟರಲ್ಲಿ ಕೆಲಸ ಮುಗಿದಿತ್ತು. ಆರು ಎಂಬ ಅಂಕಿಯನ್ನು ಕೋಡಿನ ಹೊಟ್ಟೆ ಸೀಳಿ ಹೊರಗೆ ತೆಗೆದು, ದಿನ ಯಾವಾಗ ಶುರು ಎಂಬುದನ್ನು ಆಯಾ ಜಾಗದವರೇ ಹೇಳುವ ಹಾಗೆ ಮಾಡಿದೆ. ನಾಲ್ಕು ಸಾಲೂ ಆಗಲಿಲ್ಲ. ಕೂಡಲೇ ಅದು ಹನ್ನೊಂದೂ ಕಡೆ ಹೋಗಿ ಕೂತಿತು, ಮಾಲೀಕರು ಭಾಷಣದಲ್ಲಿ ಹೇಳುವಂತೆಯೇ, ಒಂದೇ ಸಲಕ್ಕೆ ರಿಪೇರಿ. ಅದು ಎಷ್ಟು ಸಲೀಸೆಂದು ನೋಡಿ ನನಗೆ ಅವತ್ತು ಹೇಸಿಗೆಯಾಯಿತು. ಯಾಕೆಂದರೆ ಹಳೆಯ ದಿನಗಳನ್ನೆಲ್ಲ ಮತ್ತೆ ಓಡಿಸಿ ನೋಡಿದರೆ ಜೋಯಿಡಾದ ವಸತಿಯ ಅಡಿಗೆಮನೆಯಲ್ಲಿ ಇಬ್ಬರು, ಮಳಗಿಯ ಗೋದಾಮಿನಲ್ಲಿ ಕಸ ಹೊಡೆಯುವ ಒಬ್ಬಳು, ಎಲ್ಲ ನಸುಕಿನಲ್ಲಿ ಬರುವವರು, ಹಳೆಯ ಪಟ್ಟಿಯಲ್ಲಿ ಎಲ್ಲರೂ ಗೈರು. ತಪ್ಪೂ ಅಷ್ಟೇ ಸಲೀಸಾಗಿ ಹನ್ನೊಂದು ಕಡೆ ಹೋಗಿ ಕೂತಿತ್ತು. ಆ ಚಿತ್ರವನ್ನು ಹೋಟೆಲಿನ ಗೋಡೆಯ ಮೇಲೆ ಯಾರೂ ಬಿಟ್ಟಿರಲಿಲ್ಲ.

ಮಾಲೀಕರು ಮತ್ತೆ ಫೋನು ಮಾಡಿದರು. ತಿದ್ದಿದ್ದಾಯಿತು, ಹೋಗಲಿ, ಆದರೆ ಹಳೆಯ ಪಟ್ಟಿಗಳನ್ನು ಮುಟ್ಟಬೇಡ ಎಂದರು. ಅವು ಬದಲಾದರೆ ಹನ್ನೊಂದೂ ಗಿರಾಕಿಗಳು ಯಾಕೆ ಎಂದು ಕೇಳುತ್ತಾರೆ. ಆಕೆಯ ಕೆಲಸ ಹೋಗಿದ್ದು ಹಳೆಯ ಪಟ್ಟಿಯಿಂದ. ನಾಳೆಯಿಂದ ಸರಿಯಾಗುವ ಸಾಫ್ಟ್‌ವೇರ್ ಕಟ್ಟಿಕೊಂಡು ಆಕೆಗೇನು?

ಇದನ್ನು ಆಕೆ ನನಗಿಂತ ಮೊದಲೇ ತಿಳಿದುಕೊಂಡಳು. “ಒಂದ್ ಹಾಳಿ ತಗೀರಿ. ಕೈಲೆ ಬರೀರಿ. ನಾ ದಿನಾ ಐದಕ್ಕ ಬಂದೇನಿ ಅಂತ ಬರದು ಸಹಿ ಮಾಡ್ರಿ.”

ಸಹಿ ಮಾಡಿದರೆ ನನ್ನ ಕೆಲಸ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಪೆನ್ನು ತೆಗೆದುಕೊಂಡೆ. ಅಪ್ಪ ಏನಾದರೂ ಹೇಳುತ್ತಾನೇನೋ ಎಂದು ನೋಡಿದೆ, ಅವನು ಕಪ್ಪು ತೊಳೆಯಲು ಒಳಗೆ ಹೋದ. ಕೊನೆಗೆ, ತಾಂತ್ರಿಕ ಕಾರಣಗಳಿಂದ ಇವರ ಹಾಜರಿಯಲ್ಲಿ ವ್ಯತ್ಯಾಸ ಕಂಡುಬಂದಿರುತ್ತದೆ ಎಂದು ಬರೆದು ಓದಿ ಹೇಳಿದೆ.

“ತಾಂತ್ರಿಕ ಕಾರಣ ಅಂದ್ರ ಏನ್ರಿ?”

“ಅಂದ್ರ... ಯಂತ್ರದಾಗ ಆದದ್ದು.”

“ಯಂತ್ರಕ್ಕ ಬುದ್ಧಿ ಹೇಳಿದಾಕಿ ಯಾರು?”

ಆ ಹಾಳೆ ಹರಿದು ಇನ್ನೊಂದು ತೆಗೆದು, ಮೇಲೆ ಆಕೆಯ ಹೆಸರು ಹಾಕಿದೆ. ಈ ಹೆಣ್ಣುಮಗಳು ದಿನಾ ಬೆಳಿಗ್ಗೆ ಐದಕ್ಕೆ ಕೆಲಸಕ್ಕೆ ಬಂದಿದ್ದಾಳೆ. ಬಂದಿಲ್ಲವೆಂದು ತೋರಿಸಿದ್ದು ನಾನು ಬರೆದ ಕೋಡು. ಆ ಜಾಗವನ್ನು ಹೋಗಿ ನೋಡದೆ ಬರೆದದ್ದು ನನ್ನ ತಪ್ಪು. ಇಷ್ಟು ಬರೆದು ಸಹಿ ಹಾಕಿದೆ. ಇಂಜಿನಿಯರ್ ಆದ ಮೇಲೆ ಅಷ್ಟು ಕಷ್ಟಪಟ್ಟು ಏನನ್ನೂ ಬರೆದಿರಲಿಲ್ಲ. ಆಕೆ ಹಾಳೆ ಮಡಚಿ ಕುಪ್ಪಸದೊಳಗಿಟ್ಟುಕೊಂಡು, ಚಹಾ ಮುಟ್ಟದೆ ಹೊರಟಳು.

ಮರುದಿನ ಆಕೆ ಟ್ರಸ್ಟಿನ ಆಫೀಸಿನ ಬಾಗಿಲಲ್ಲಿ ಕೂತು, ಸಾಹೇಬ ಎಲ್ಲರ ಎದುರು ಆ ಹಾಳೆ ಜೋರಾಗಿ ಓದುವ ತನಕ ಎದ್ದಿಲ್ಲವಂತೆ. ಅವನು ಓದಿದ. ಗಾಳಿ ತಿರುಗಿದ್ದು ಕಂಡ ಕೂಡಲೇ ವಾರ್ಡನ್ನರಿಗೂ ನೆನಪು ಬಂತು, ದಿನಾ ನಸುಕಿನಲ್ಲಿ ಅಡಿಗೆಮನೆಯಲ್ಲಿ ದೀಪ ನೋಡಿದ್ದೇನೆ ಎಂದರಂತೆ. ಆಕೆಗೆ ಒಲೆ ತಿರುಗಿ ಸಿಕ್ಕಿತು. ಕಾಡಿನ ಮಂದಿ ಎಂದ ಮಾತು ಹಿಂದೆ ತಗೊಳ್ಳಿ ಎಂದದ್ದಕ್ಕೆ ಸಾಹೇಬ, “ಆತ್ ಬಿಡವಾ, ಕೆಲಸಾ ಸಿಕ್ತಲ್ಲ, ಹೋಗು” ಎಂದನಂತೆ.

ಅಷ್ಟಕ್ಕೇ ನಿಲ್ಲಲಿಲ್ಲ. ಆಕೆ ಹಳಿಯಾಳದಲ್ಲಿ ಮೊದಲೇ ತನ್ನ ಹೆಸರು ಮುಚ್ಚಿ ಆ ಹಾಳೆಯ ಝೆರಾಕ್ಸ್ ಮಾಡಿಸಿ, ಅವತ್ತು ನನ್ನ ಬಾಯಿಂದ ಕೇಳಿದ ಊರುಗಳಿಗೆ ಕಳಿಸಿದ್ದಳು. ವಾರದೊಳಗೆ ಜೋಯಿಡಾದ ಆ ಇಬ್ಬರು ನನ್ನ ಬಾಗಿಲಿಗೆ ಬಂದರು, ಹಿಂದೆಯೇ ಮಳಗಿಯವಳು. ಮೂವರ ಕೈಯಲ್ಲೂ ನನ್ನದೇ ಅಕ್ಷರ, ಹೆಸರಿನ ಜಾಗ ಮಾತ್ರ ಖಾಲಿ. ಒಮ್ಮೆ ಬರೆದದ್ದನ್ನು ಹತ್ತು ಕಡೆ ದುಡಿಸುವುದು ಆಕೆಗೂ ಬರುತ್ತಿತ್ತು. ನಾನು ಖಾಲಿ ಜಾಗ ತುಂಬಿ ಕೊಡಲಿಲ್ಲ. ಒಬ್ಬೊಬ್ಬರನ್ನೂ ಕೂರಿಸಿ, ಎಷ್ಟಕ್ಕೆ ಬರುತ್ತೀರಿ, ಬಂದು ಮೊದಲು ಏನು ಮಾಡುತ್ತೀರಿ ಎಂದು ಕೇಳಿ ಬೇರೆ ಬೇರೆ ಬರೆದೆ.

ಒಂದು ಪತ್ರ ಹುಬ್ಬಳ್ಳಿಗೂ ಮುಟ್ಟಿತು. ಮಾಲೀಕರು ಕರೆಸಿ ಕೂಗಾಡಿದರು. ಕಂಪನಿಯ ಮಾನ ನೀರಿಗೆ ಹಾಕಿದಿ ಎಂದರು. ಹೋಗಿ ನೋಡಿ ಬರಲೇ ಎಂದಾಗ ಬೇಡ ಎಂದವರು ಯಾರು ಎಂದು ನಾನೂ ಕೂಗಿದೆ. ಇಡೀ ಆಫೀಸು ಕೇಳುತ್ತಿತ್ತು. ಸಂಜೆಯೊಳಗೆ ನಾನು ಹೊರಗೆ, ಮಾಡ್ಯೂಲ್ ಒಳಗೆ. ಅದು ಕಂಪನಿಯ ಆಸ್ತಿ. ನನ್ನ ತಿದ್ದುಪಡಿಯೊಂದಿಗೆ ಈಗ ಇನ್ನೂ ಹೆಚ್ಚು ಕಡೆ ನಡೆಯುತ್ತಿದೆಯಂತೆ, ದಿನ ಯಾವಾಗ ಶುರುವಾಗಬೇಕೆಂದು ಗಿರಾಕಿಯೇ ಇಟ್ಟುಕೊಳ್ಳಬಹುದು ಎಂದು ಅದನ್ನೇ ಹೊಸ ಅನುಕೂಲವೆಂದು ಮಾರುತ್ತಿದ್ದಾರಂತೆ. ಮಾರಲಿ, ನನ್ನ ಸಿಟ್ಟಂತೂ ಇಳಿದಿಲ್ಲ.

ಒಮ್ಮೆ ಆ ಅಡಿಗೆಮನೆ ನೋಡಿಯೇ ಬರಬೇಕೆಂದು ಹಿಂದಿನ ದಿನವೇ ಹಳಿಯಾಳದ ನೆಂಟರ ಮನೆಗೆ ಹೋಗಿ ಉಳಿದೆ. ಬೆಳಿಗ್ಗೆ ಐದಕ್ಕೆ ಮೊದಲೇ ಸ್ಕೂಟರಿನಲ್ಲಿ ಹಾಸ್ಟೆಲಿನ ಹಿಂಬಾಗಿಲಿಗೆ ಹೋಗಿ ನಿಂತೆ. ಆಕೆ ಬಂದಳು, ನನ್ನನ್ನು ದಾಟಿ ಒಳಗೆ ಹೋದಳು. ಹೆಬ್ಬೆಟ್ಟು ಒತ್ತಿದಳು, ಒಲೆ ಹಚ್ಚಿದಳು, ದೊಡ್ಡ ಬಾಣಲೆಯಲ್ಲಿ ರವೆ ಹುರಿಯಲು ಶುರು ಮಾಡಿದಳು. ನಾನು ಮೂಲೆಯಲ್ಲಿದ್ದ ಅಕ್ಕಿ ಚೀಲದ ಮೇಲೆ ಕೂತೆ. ಹಾಲಿನವನು ಬಂದ, ಅವನಿಗೆ ಚಹಾ ಕೊಟ್ಟಳು. ಕಾವಲುಗಾರನಿಗೆ ಕೊಟ್ಟಳು. ತಾನೂ ಒಂದು ಲೋಟ ಬಗ್ಗಿಸಿಕೊಂಡಳು. ಪಾತ್ರೆಯಲ್ಲಿ ಇನ್ನೂ ಇತ್ತು.

ಚಳಿಗೆ ಹಲ್ಲು ಕಟಗುಟ್ಟುತ್ತಿತ್ತು. “ನನಗೂ ಒಂದು ಲೋಟಾ ಕೊಡ್ತೀರೇನು?” ಎಂದು ಕೇಳಿಯೇಬಿಟ್ಟೆ.

ಆಕೆ ಗೋಡೆಯ ಗಡಿಯಾರ ನೋಡಿದಳು. ಐದೂ ಇಪ್ಪತ್ತಾಗಿತ್ತು. “ಈ ಚಹಾ ಇವತ್ತಿಂದು ಐತ್ರಿ ಬಾಯಾರ. ನಿಮಗ ಇನ್ನೂ ನಿನ್ನಿ.”

ಆರಾಗುವ ತನಕ ಚೀಲದ ಮೇಲೆಯೇ ಕೂತಿದ್ದೆ. ಆರಾದ ಮೇಲೂ ಆಕೆ ನನ್ನ ಕಡೆ ತಿರುಗಲಿಲ್ಲ.